ಮೊದಲು ಕೈ, ಕೊನೆಗೆ ಮುಖ: ಪಿಕಾಸೊನ ಕಾನ್‌ವೈಲರ್ ಭಾವಚಿತ್ರವನ್ನು ನೋಡುವ ಬಗೆ

ಪಾಬ್ಲೊ ಪಿಕಾಸೊ 1910ರ ಶರತ್ಕಾಲದಲ್ಲಿ ಬರೆದ ಡಾನಿಯಲ್-ಹೆನ್ರಿ ಕಾನ್‌ವೈಲರ್‌ನ ಭಾವಚಿತ್ರದ ಎದುರು ನಿಂತವರು ಮೊದಲು ಮಾಡುವ ಕೆಲಸ ಮುಖ ಹುಡುಕುವುದು. ಅದು ಸಿಗುವುದಿಲ್ಲ. ಕಣ್ಣೋ ಮೂಗೋ ಎಂದು ಗಟ್ಟಿಯಾಗಿ ಹೇಳಲಾಗದ ಒಂದೆರಡು ಗುರುತು ಸಿಕ್ಕರೆ ಹೆಚ್ಚು. ಸ್ವಲ್ಪ ಹೊತ್ತು ತಡಕಾಡಿ, ಇದು ನಮಗೆ ದಕ್ಕುವಂಥದ್ದಲ್ಲ ಎಂದುಕೊಂಡು ಪಕ್ಕದ ಚಿತ್ರಕ್ಕೆ ಹೋಗಿಬಿಡುತ್ತಾರೆ. ಚಿತ್ರ ಕಷ್ಟದ್ದೇ, ಅನುಮಾನವಿಲ್ಲ. ಆದರೆ ಹೆಚ್ಚಿನವರು ಸೋಲುವುದು ಹುಡುಕಾಟ ಶುರು ಮಾಡಿದ ಜಾಗದಿಂದಾಗಿ. ಈ ಚಿತ್ರದಲ್ಲಿ ಹೆಚ್ಚು ಒಡೆದುಹೋಗಿರುವುದು ಮುಖ. ಕಡಿಮೆ ಒಡೆದಿರುವುದು ಕೆಳಗೆ, ಮಡಿಲಲ್ಲಿ ಒಂದರೊಳಗೊಂದು ಹೆಣೆದುಕೊಂಡಿರುವ ಕೈಗಳು. ಕೈಯಿಂದ ಹೊರಟರೆ ಮೇಲಕ್ಕೆ ದಾರಿಯಿದೆ. ಮುಖದಿಂದ ಹೊರಟರೆ ಎಲ್ಲಿಗೂ ದಾರಿಯಿಲ್ಲ.

ಚಿತ್ರ ಈಗ ಅಮೆರಿಕದ ಚಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. 1948ರಲ್ಲಿ ದಾನವಾಗಿ ಅಲ್ಲಿಗೆ ಬಂತು. ಕ್ಯಾನ್ವಾಸ್ ಮೇಲೆ ತೈಲವರ್ಣ, ಸುಮಾರು ಒಂದು ಮೀಟರ್ ಎತ್ತರ, 73 ಸೆಂಟಿಮೀಟರ್ ಅಗಲ. ಅಂದರೆ ಕೂತ ಮನುಷ್ಯನ ಸೊಂಟದ ಮೇಲಿನ ಭಾಗ ಹೆಚ್ಚುಕಡಿಮೆ ನಿಜಗಾತ್ರದಲ್ಲೇ ಹಿಡಿಸುವಷ್ಟು ಜಾಗ. ಈ ಅಳತೆ ತಿಳಿದಿರಬೇಕು. ಮೊಬೈಲ್ ಪರದೆಯ ಮೇಲೆ ಇದು ಹತ್ತು ಸೆಂಟಿಮೀಟರಿಗೆ ಕುಗ್ಗಿದಾಗ ಗಾಜಿನ ಚೂರುಗಳ ರಾಶಿಯಂತೆ ಕಾಣುತ್ತದೆ. ನಿಜಗಾತ್ರದಲ್ಲಿ ಆ ಒಂದೊಂದು ಚೂರೂ ಅಂಗೈಯಷ್ಟು, ಭುಜದಷ್ಟು ದೊಡ್ಡದು. ದೇಹದ ಅಳತೆ ತಾನಾಗಿ ನೋಡುವವರ ಮೈಗೆ ತಾಕುತ್ತದೆ.

ಕಾನ್‌ವೈಲರ್ ಯಾರು ಎಂಬುದು ಇಲ್ಲಿ ಬರೀ ಹಿನ್ನೆಲೆ ಮಾಹಿತಿಯಲ್ಲ. ಹುಟ್ಟಿದ್ದು 1884ರಲ್ಲಿ, ಜರ್ಮನಿಯ ಮಾನ್‌ಹೈಮ್‌ನಲ್ಲಿ. ಮನೆಯವರಿಗೆ ಅವನು ಹಣಕಾಸಿನ ವ್ಯವಹಾರದಲ್ಲಿ ಮುಂದುವರಿಯಬೇಕೆಂಬ ಆಸೆ. ಅವನು 1907ರಲ್ಲಿ, 23ನೇ ವಯಸ್ಸಿಗೆ, ಪ್ಯಾರಿಸ್ಸಿನ ರ‍್ಯೂ ವಿನ್ಯೋನ್‌ನ 28ನೇ ನಂಬರಿನಲ್ಲಿ ಸಣ್ಣದೊಂದು ಗ್ಯಾಲರಿ ತೆರೆದ. ಮುಂದಿನ ವರ್ಷ ನವೆಂಬರಿನಲ್ಲಿ ಅಲ್ಲೇ ಜಾರ್ಜ್ ಬ್ರಾಕ್‌ನ ಚಿತ್ರಗಳ ಪ್ರದರ್ಶನ ಇಟ್ಟ. ಅದನ್ನು ನೋಡಿ ವಿಮರ್ಶಕ ಲೂಯಿ ವೊಸೆಲ್, ಈತ ಎಲ್ಲವನ್ನೂ ಘನಾಕೃತಿಗಳಿಗೆ ಇಳಿಸಿಬಿಡುತ್ತಾನೆ ಎಂದು ಬರೆದದ್ದರಿಂದಲೇ, ಆಕಾರವನ್ನು ಹೀಗೆ ಒಡೆದು ಬರೆಯುವ ಶೈಲಿಗೆ ಕ್ಯೂಬಿಸಂ ಎಂಬ ಹೆಸರು ಹುಟ್ಟಿಕೊಂಡಿತು. ಆ ವರ್ಷಗಳಲ್ಲಿ ಪಿಕಾಸೊ ಮತ್ತು ಬ್ರಾಕ್ ಬರೆದ ಬಹುಪಾಲು ಚಿತ್ರಗಳನ್ನು ಕೊಂಡವನು ಕಾನ್‌ವೈಲರ್. ಹಾಗಾಗಿ ಚಿತ್ರದಲ್ಲಿ ಕೂತಿರುವವನು ಆ ಶೈಲಿಯ ಒಳಹೊರಗನ್ನು ಪ್ಯಾರಿಸ್ಸಿನಲ್ಲಿ ಎಲ್ಲರಿಗಿಂತ ಹತ್ತಿರದಿಂದ ಬಲ್ಲ ವ್ಯಾಪಾರಿ. ತನ್ನನ್ನು ಹೀಗೆ ಬರೆದದ್ದಕ್ಕೆ ಅವನು ಬೆಚ್ಚಿಬೀಳುವವನಲ್ಲ. ಅವನನ್ನು ಮೆಚ್ಚಿಸುವ ಗರಜು ಪಿಕಾಸೊನಿಗೂ ಇರಲಿಲ್ಲ.

ಈ ಚಿತ್ರಕ್ಕಾಗಿ ಕಾನ್‌ವೈಲರ್ ಸುಮಾರು ಮೂವತ್ತು ಸಲ ಬಂದು ಕೂತಿದ್ದನೆಂದು ಹೇಳುತ್ತಾರೆ. ಇಲ್ಲಿ ಒಂದು ಪ್ರಶ್ನೆ ಏಳಬೇಕು. ಮುಖವೇ ಗುರುತು ಸಿಗದ ಚಿತ್ರಕ್ಕೆ ಮನುಷ್ಯ ಎದುರು ಕೂತಿರುವ ಅಗತ್ಯವೇನು? ಕಲ್ಪನೆಯಿಂದಲೇ ಕೋನಗಳನ್ನು ಜೋಡಿಸಬಹುದಿತ್ತಲ್ಲ? ನನ್ನ ಮಟ್ಟಿಗೆ ಈ ಚಿತ್ರ ತೆರೆದುಕೊಳ್ಳುವ ಬಾಗಿಲು ಈ ಪ್ರಶ್ನೆಯೇ. ಎದುರಿಗೆ ಕೂತವನ ಭುಜ ಎಲ್ಲಿ ಇಳಿಯುತ್ತದೆ, ಕೋಟಿನ ಅಂಚು ಎಲ್ಲಿ ಮಡಚುತ್ತದೆ, ಕೆನ್ನೆಯಿಂದ ಕಿವಿಗೆ ಹೋಗುವ ಇಳಿಜಾರು ಎಷ್ಟು ಕಡಿದು ಎಂಬಂಥ ನಿರ್ಧಾರಗಳೆಲ್ಲ ನೋಡಿ ಮಾಡಿದವು. ನೋಡಿದ್ದನ್ನು ಪಿಕಾಸೊ ಮೈಯ ಹೊರಗೆರೆಯಾಗಿ ದಾಖಲಿಸಲಿಲ್ಲ. ಸಣ್ಣ ಸಣ್ಣ ತಲಗಳಾಗಿ, ಅಂದರೆ ಚಪ್ಪಟೆ ಮೇಲ್ಮೈಗಳಾಗಿ, ಆ ತಲಗಳ ಓರೆಗಳಾಗಿ ದಾಖಲಿಸಿದ. ಆದ್ದರಿಂದ ಇದು ಪೂರ್ತಿ ಅಮೂರ್ತವಲ್ಲ. ಒಬ್ಬ ನಿರ್ದಿಷ್ಟ ಮನುಷ್ಯ ಒಂದು ನಿರ್ದಿಷ್ಟ ಭಂಗಿಯಲ್ಲಿ ಕೂತಿದ್ದಾನೆ, ಮತ್ತು ಆ ಕೂತ ರೀತಿ ಚಿತ್ರದಲ್ಲಿ ಹಾಗೇ ಉಳಿದಿದೆ.

ನೋಡುವುದಕ್ಕೆ ಮೊದಲು ದೂರ ನಿಲ್ಲಬೇಕು. ಚಿತ್ರದ ಕರ್ಣದ ಎರಡರಿಂದ ಎರಡೂವರೆ ಪಟ್ಟು ದೂರ ಎನ್ನುವುದು ಒಳ್ಳೆಯ ಲೆಕ್ಕ. ಇಲ್ಲಿ ಕರ್ಣ ಸುಮಾರು 125 ಸೆಂಟಿಮೀಟರ್, ಆದ್ದರಿಂದ ಎರಡೂವರೆ ಮೂರು ಮೀಟರ್. ಅಲ್ಲಿ ನಿಂತು ಕಣ್ಣನ್ನು ಅರ್ಧ ಮುಚ್ಚಿ. ಚಿತ್ರ ಬರೆಯುವವರು ಛಾಯೆಗಳನ್ನು ಗುಂಪುಗೂಡಿಸಲು ದಿನನಿತ್ಯ ಮಾಡುವ ಕೆಲಸ ಇದು. ರೆಪ್ಪೆಗಳ ನಡುವಿನಿಂದ ನೋಡಿದಾಗ ಸಣ್ಣ ಗೆರೆಗಳು ಕರಗಿ, ದೊಡ್ಡ ಕಪ್ಪು-ಬಿಳುಪಿನ ಗುಂಪುಗಳಷ್ಟೇ ಉಳಿಯುತ್ತವೆ. ಆಗ ಕೆಳಗೆ ಅಗಲವಾಗಿ, ಮೇಲೆ ಹೋದಂತೆ ಕಿರಿದಾಗುವ ಒಂದು ಆಕಾರ ಎದ್ದುಬರುತ್ತದೆ. ಮೇಲ್ಭಾಗದಲ್ಲಿ ತಲೆ, ನಡುವೆ ಎದೆ, ಕೆಳಗೆ ಕೈ. ಯುರೋಪಿನ ಭಾವಚಿತ್ರಕಾರರು ನಾಲ್ಕುನೂರು ವರ್ಷ ಬಳಸಿದ ತ್ರಿಕೋನ ಭಂಗಿ ಇದು: ಕುರ್ಚಿಯಲ್ಲಿ ಕೂತು, ಕೈಗಳನ್ನು ಮುಂದೆ ಕೂಡಿಸಿಕೊಂಡ ಗೃಹಸ್ಥ. ಒಡೆಯುವುದಕ್ಕೆಂದು ಪಿಕಾಸೊ ಆರಿಸಿಕೊಂಡದ್ದು ಎಲ್ಲರಿಗೂ ಗೊತ್ತಿರುವ ಸಂಪ್ರದಾಯದ ಚೌಕಟ್ಟನ್ನು. ವಿಚಿತ್ರ ಭಂಗಿಯೊಂದನ್ನು ಹೀಗೆ ಒಡೆದಿದ್ದರೆ ಯಾರ ಕಣ್ಣಿಗೂ ಏನೂ ಉಳಿಯುತ್ತಿರಲಿಲ್ಲ.

ಈಗ ಒಂದೂವರೆ ಮೀಟರಿಗೆ ಬನ್ನಿ, ಕೆಳಗಿನಿಂದ ನೋಡಿ. ಕೆಳ ಅಂಚಿಗೆ ಹತ್ತಿರ, ನಡುಭಾಗದಲ್ಲಿ, ಸುತ್ತಲಿಗಿಂತ ತಿಳಿಯಾದ ಬಣ್ಣದಲ್ಲಿ ಪಕ್ಕಪಕ್ಕದ ಸಣ್ಣ ಗೆರೆಗಳಿವೆ. ಬೆರಳುಗಳು. ಒಂದು ಕೈ ಇನ್ನೊಂದನ್ನು ಹಿಡಿದಿದೆ. ಅದು ಕೈ ಎಂದು ಖಚಿತವಾದ ಕೂಡಲೇ ಅದಕ್ಕೆ ಮೊಣಕೈ ಬೇಕು, ಮೊಣಕೈಗೆ ತೋಳು ಬೇಕು ಎಂದು ಕಣ್ಣು ತಾನಾಗಿ ಮೇಲಕ್ಕೆ ಏರುತ್ತದೆ. ಎರಡೂ ಕಡೆ ಓರೆಯಾಗಿ ಮೇಲೇಳುವ ಗೆರೆಗಳು ಸಿಗುತ್ತವೆ. ಅವು ತೋಳಿನ ಹೊರಗೆರೆಯಾಗಿ ಪೂರ್ತಿ ಮುಂದುವರಿಯುವುದಿಲ್ಲ, ನಡುವೆ ಕಡಿದು ಸ್ವಲ್ಪ ಪಕ್ಕಕ್ಕೆ ಸರಿದು ಮತ್ತೆ ಶುರುವಾಗುತ್ತವೆ. ನಡುವೆ, ಹೊಟ್ಟೆಯ ಮಟ್ಟದಲ್ಲಿ, ಜೋತುಬಿದ್ದ ಸಣ್ಣ ಬಾಗು: ಜೇಬು ಗಡಿಯಾರದ ಸರಪಳಿ. ಚಿತ್ರದ ಬಹುತೇಕ ಗೆರೆಗಳು ನೇರವಾಗಿರುವುದರಿಂದ ಈ ಒಂದು ಬಾಗು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಸರಪಳಿ ಇದ್ದ ಮೇಲೆ ವೇಸ್ಟ್‌ಕೋಟ್ ಇರಲೇಬೇಕು, ವೇಸ್ಟ್‌ಕೋಟ್ ಇದ್ದ ಮೇಲೆ ಸೂಟು. ಇನ್ನೂ ಮೇಲೆ ಟೈ ಗಂಟು. ಆಮೇಲೆ ಕಿವಿಯ ಹಾಲೆ, ಕಣ್ಣಿನ ಸುಳಿವು, ತಲೆಯ ಮೇಲೆ ಅಲೆಅಲೆಯಾಗಿ ಒಂದರ ಪಕ್ಕ ಒಂದು ಸಾಗುವ ಕೂದಲಿನ ಗೆರೆಗಳು.

ಇವಿಷ್ಟೇ ಗೂಟಗಳು. ಚಿತ್ರದ ಉಳಿದ ಭಾಗವೆಲ್ಲ ಈ ಗೂಟಗಳ ನಡುವೆ ತೂಗಾಡುತ್ತದೆ. ಈ ಗುರುತುಗಳು ಶುರುವಿನಿಂದಲೇ ಹೀಗಿರಲಿಲ್ಲ ಎಂಬುದು ಪಿಕಾಸೊನ ಮಾತಿನಿಂದಲೇ ಗೊತ್ತಾಗುತ್ತದೆ. ಎಷ್ಟೋ ವರ್ಷದ ನಂತರ, ಆಗ ಸಂಗಾತಿಯಾಗಿದ್ದ ಚಿತ್ರಕಲಾವಿದೆ ಫ್ರಾಂಸ್ವಾಸ್ ಜಿಲೋಳ ಜೊತೆ ಮಾತಾಡುತ್ತ ಅವನು ಹೇಳಿದ್ದು ಹೀಗೆ: ಮೊದಲ ರೂಪದಲ್ಲಿ ಚಿತ್ರ ಹೊಗೆಯಾಗಿ ಮೇಲೆ ಹೋಗಿಬಿಡುವಂತಿತ್ತು; ತಾನು ಹೊಗೆ ಬರೆದರೂ ಅದಕ್ಕೆ ಮೊಳೆ ಹೊಡೆಯುವಂತಿರಬೇಕು; ಅದಕ್ಕೇ ಕಣ್ಣಿನ ಸೂಚನೆ, ಕೂದಲಿನ ಅಲೆ, ಕಿವಿಯ ಹಾಲೆ, ಕೂಡಿಸಿದ ಕೈಗಳನ್ನು ಸೇರಿಸಿದ. ಈ ಚಿತ್ರ ಬರೆದ 1910ರ ಬೇಸಿಗೆಯನ್ನು ಪಿಕಾಸೊ ಸ್ಪೇನಿನ ಕಡಲತೀರದ ಕಡಾಕೆಸ್ ಊರಿನಲ್ಲಿ ಕಳೆದಿದ್ದ. ಅಲ್ಲಿ ಬರೆದ ಚಿತ್ರಗಳಲ್ಲಿ ವಸ್ತು ಯಾವುದೆಂದು ಹೇಳುವುದೇ ಕಷ್ಟವೆನಿಸುವಷ್ಟು ದೂರ ಹೋಗಿಬಿಟ್ಟಿದ್ದ. ಅವನು ಅತೃಪ್ತನಾಗಿಯೇ ಪ್ಯಾರಿಸ್ಸಿಗೆ ಮರಳಿದ ಎಂದು ಕಾನ್‌ವೈಲರ್ ಬರೆದಿದ್ದಾನೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಶುದ್ಧ ಅಮೂರ್ತ ಚಿತ್ರ. ಪಿಕಾಸೊ ಆ ಹೆಜ್ಜೆ ಇಡಲಿಲ್ಲ, ಮುಂದೆಂದೂ ಇಡಲಿಲ್ಲ. ಕಾನ್‌ವೈಲರ್ ಚಿತ್ರದ ಸರಪಳಿ, ಟೈ ಗಂಟು, ಕೂದಲುಗಳಲ್ಲಿ ಆ ತೀರ್ಮಾನ ಕಣ್ಣಿಗೆ ಕಾಣುವ ಹಾಗೆ ಉಳಿದುಕೊಂಡಿದೆ. ನನಗೆ ಈ ಚಿತ್ರ ಅಷ್ಟು ಮುಖ್ಯವೆನಿಸುವುದೂ ಅದಕ್ಕೇ.

ಗೂಟಗಳ ನಡುವಿನ ಜಾಗವನ್ನು ಓದಲು ಅರ್ಧ ಮೀಟರಿಗೆ ಹೋಗಬೇಕು. ಇಲ್ಲಿ ನೋಡಬೇಕಾದದ್ದು ಅಂಚುಗಳನ್ನು. ಯಾವುದಾದರೂ ಒಂದು ತಲವನ್ನು ಆರಿಸಿಕೊಳ್ಳಿ, ಅದರ ನಾಲ್ಕೂ ಬದಿಯನ್ನು ಕಣ್ಣಿನಿಂದ ಸುತ್ತಿ. ಒಂದು ಬದಿಯಲ್ಲಿ ಅಂಚು ಚೂಪಾಗಿರುತ್ತದೆ: ಕಪ್ಪು ಗೆರೆ, ಅದರ ಪಕ್ಕ ಬಿಳುಪು. ಪಕ್ಕದ ಬದಿಯಲ್ಲಿ ಅದು ಮಸುಕಾಗುತ್ತದೆ. ಇನ್ನೊಂದು ಬದಿಯಲ್ಲಿ ಅಂಚೇ ಇರುವುದಿಲ್ಲ. ಬಣ್ಣ ಹಾಗೇ ಪಕ್ಕದ ತಲದೊಳಕ್ಕೆ ಹರಿದುಹೋಗಿರುತ್ತದೆ. ಫ್ರೆಂಚರು ಇದನ್ನು ಪಾಸಾಜ್ ಎನ್ನುತ್ತಾರೆ. ಪಿಕಾಸೊ ಮತ್ತು ಬ್ರಾಕ್ ಇದನ್ನು ಕಲಿತದ್ದು ಹಿಂದಿನ ತಲೆಮಾರಿನ ಫ್ರೆಂಚ್ ಚಿತ್ರಕಾರ ಸೆಜಾನ್‌ನ ಚಿತ್ರಗಳಿಂದ. ಸೆಜಾನ್ 1906ರಲ್ಲಿ ತೀರಿಕೊಂಡ. ಮರುವರ್ಷ ಪ್ಯಾರಿಸ್ಸಿನ ಸಲೋನ್ ದೋತೊನ್ ಎಂಬ ವಾರ್ಷಿಕ ಕಲಾಮೇಳದಲ್ಲಿ ಅವನ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು, ಒಂದು ಇಡೀ ತಲೆಮಾರು ಅದನ್ನು ನೋಡಿ ದಾರಿ ಬದಲಿಸಿತು. ಸೆಜಾನ್ ಬೆಟ್ಟದ ಅಂಚನ್ನು ಅಲ್ಲಲ್ಲಿ ಆಕಾಶಕ್ಕೆ ತೆರೆದುಬಿಡುತ್ತಿದ್ದ. ಪಿಕಾಸೊ ಇಲ್ಲಿ ಅದನ್ನು ಮನುಷ್ಯನ ಭುಜಕ್ಕೆ, ಕೆನ್ನೆಗೆ, ಎದೆಗೆ ಮಾಡಿದ್ದಾನೆ.

ಇದರ ಪರಿಣಾಮ ಏನು? ಮುಚ್ಚಿದ ಆಕಾರ ಒಂದು ವಸ್ತುವಾಗಿ ನಿಲ್ಲುತ್ತದೆ, ಅದಕ್ಕೆ ಮುಂದು-ಹಿಂದು ಇರುತ್ತದೆ. ಒಂದು ಬದಿ ತೆರೆದ ಆಕಾರಕ್ಕೆ ಅದು ಇರುವುದಿಲ್ಲ. ಎಡಭಾಗದಿಂದ ನೋಡುತ್ತ ಬಂದರೆ ಈ ತಲ ಎದೆಯ ಮುಂದಿದೆ ಎನಿಸುತ್ತದೆ. ಬಲಕ್ಕೆ ಬರುವಷ್ಟರಲ್ಲಿ ಅದೇ ತಲ ಹಿಂದಿನ ಗೋಡೆಗೆ ಸೇರಿಕೊಂಡಿರುತ್ತದೆ. ಹಾಗಾದರೆ ಕೋಟು ಎಲ್ಲಿ ಮುಗಿಯಿತು, ಕೋಣೆಯ ಗಾಳಿ ಎಲ್ಲಿ ಶುರುವಾಯಿತು? ಚಿತ್ರ ಉತ್ತರ ಕೊಡುವುದಿಲ್ಲ. ಮನುಷ್ಯ ಮತ್ತು ಅವನ ಸುತ್ತಲಿನ ಜಾಗ ಎರಡಕ್ಕೂ ಒಂದೇ ಸಾಮಗ್ರಿ, ಒಂದೇ ಸಾಂದ್ರತೆ. ಹಿಂದಿನ ಕಾಲದ ಭಾವಚಿತ್ರಗಳಲ್ಲಿ ಹಿನ್ನೆಲೆ ಎಂಬುದು ಮನುಷ್ಯ ಮುಗಿದ ಮೇಲೆ ತುಂಬುವ ಜಾಗ. ಇಲ್ಲಿ ಹಾಗೆ ಮುಗಿಯುವ ಗೆರೆಯೇ ಇಲ್ಲದಿರುವುದರಿಂದ ಹಿನ್ನೆಲೆಯೂ ಇಲ್ಲ.

ಬೆಳಕಿನ ವಿಚಾರವೂ ಇದರ ಜೊತೆಗೇ ಬರುತ್ತದೆ. ಕಿಟಕಿ ಎಡಗಡೆ ಇದ್ದರೆ ಮೂಗಿನ ನೆರಳು ಬಲಕ್ಕೆ ಬೀಳಬೇಕು, ಗಲ್ಲದ ನೆರಳೂ ಬಲಕ್ಕೇ ಬೀಳಬೇಕು ಎಂಬುದು ಶಾಲೆಯಲ್ಲಿ ಕಲಿಸುವ ನಿಯಮ. ಈ ಚಿತ್ರದಲ್ಲಿ ಪ್ರತಿ ತಲವೂ ತನ್ನ ಬೆಳಕನ್ನು ತಾನೇ ಹೊತ್ತುಕೊಂಡಿದೆ. ಒಂದರ ಎಡ ಅಂಚು ಬೆಳಗಿದ್ದರೆ ಪಕ್ಕದ್ದರ ಬಲ ಅಂಚು ಬೆಳಗಿದೆ. ಒಂದರ ಕಪ್ಪು ಬದಿ ಇನ್ನೊಂದರ ಬಿಳಿ ಬದಿಗೆ ತಾಗುವಂತೆ ಜೋಡಿಸಿರುವುದರಿಂದ ಇಡೀ ಮೇಲ್ಮೈ ಮಿನುಗುತ್ತದೆ, ಅಲ್ಲಾಡುತ್ತದೆ. ಕಿಟಕಿ ಯಾವ ಕಡೆ ಇದೆ ಎಂದು ಲೆಕ್ಕ ಹಾಕಲು ಕೂತವರು ಎರಡು ನಿಮಿಷದಲ್ಲಿ ಸೋಲುತ್ತಾರೆ, ಆ ಸೋಲು ತುಂಬ ಉಪಯೋಗದ್ದು. ಹೀಗೆ ಬೆಳಕನ್ನು ಬಿಡಿಬಿಡಿಯಾಗಿ ಹಂಚುವ ಕೆಲಸ ಮಾಡುತ್ತಿರುವುದು ಕುಂಚದ ಸಣ್ಣ, ಅಡ್ಡಡ್ಡ ಎಳೆತಗಳು. ಹತ್ತಿರದಿಂದ ಅವನ್ನು ಒಂದೊಂದಾಗಿ ಎಣಿಸಬಹುದು. ಒಣಗಿದ ಎಳೆತದ ಮೇಲೆ ಇನ್ನೊಂದು ಎಳೆತ ಕೂತು, ಕೆಳಗಿನದು ಸಂದಿಯಿಂದ ಇಣುಕುವುದರಿಂದಲೇ ಆ ಅರೆಪಾರದರ್ಶಕ ಗುಣ ಬಂದಿರುವುದು.

ಬಣ್ಣದ ಬಗ್ಗೆ ಹೇಳುವುದು ಕಡಿಮೆ. ಕಂದು, ಬೂದು, ಕಪ್ಪು, ಬಿಳಿ, ಅಷ್ಟೇ. ಇದನ್ನು ದುಃಖ ಅಥವಾ ವಿಷಾದ ಎಂದು ಓದುವವರಿದ್ದಾರೆ, ಅದಕ್ಕೆ ಆಧಾರವಿಲ್ಲ. ಇದೇ ವರ್ಷಗಳಲ್ಲಿ ಪಿಕಾಸೊ, ಬ್ರಾಕ್ ಇಬ್ಬರೂ ಮ್ಯಾಂಡೊಲಿನ್ ಬರೆದರೂ ಬಾಟಲಿ ಬರೆದರೂ ಇದೇ ಬಣ್ಣ. ಆಕಾರವನ್ನು ಇಷ್ಟು ಸಣ್ಣಗೆ ಒಡೆದಾಗ ಕೆಂಪು, ನೀಲಿ, ಹಸಿರು ಸೇರಿಸಿದರೆ ಪ್ರತಿ ಬಣ್ಣವೂ ತನ್ನದೇ ಗುಂಪು ಕಟ್ಟಿಕೊಂಡು, ತಲಗಳ ಓರೆ ಕಾಣದಾಗುತ್ತದೆ. ಪರೀಕ್ಷಿಸುವುದು ಸುಲಭ: ಚಿತ್ರದ ಫೋಟೊವನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪಿಗೆ ಬದಲಿಸಿ. ಹೆಚ್ಚೇನೂ ಕಳೆದುಹೋಗುವುದಿಲ್ಲ. ಬಣ್ಣಕ್ಕೇ ಹೆಸರಾದ ಚಿತ್ರಕಾರ ಮಾತೀಸ್‌ನ ಯಾವುದಾದರೂ 1905ರ ಭಾವಚಿತ್ರಕ್ಕೆ ಹೀಗೆ ಮಾಡಿದರೆ ಚಿತ್ರವೇ ಸತ್ತುಹೋಗುತ್ತದೆ.

ಎಡಭಾಗವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಮೇಲೆ ಎಡಕ್ಕೆ ಪಿಕಾಸೊನ ಸ್ಟುಡಿಯೊದಲ್ಲಿದ್ದ ನ್ಯೂ ಕ್ಯಾಲಡೋನಿಯಾ ದ್ವೀಪದ ಮರದ ಶಿಲ್ಪವೊಂದರ ಸುಳಿವಿದೆ. ಕೆಳಗೆ ಎಡಕ್ಕೆ ಬಾಟಲಿ ಮುಂತಾದ ಮೇಜಿನ ಮೇಲಿನ ಸಾಮಾನು. ಅಂದರೆ ಕಾನ್‌ವೈಲರ್ ಕೂತಿರುವುದು ತನ್ನ ಅಂಗಡಿಯಲ್ಲಲ್ಲ, ಚಿತ್ರಕಾರ ಕೆಲಸ ಮಾಡುವ ಜಾಗದಲ್ಲಿ. ಅದೇ 1910ರಲ್ಲಿ ಪಿಕಾಸೊ ಅವನನ್ನು ಕ್ಲಿಶಿ ಬುಲೆವಾರಿನ ತನ್ನ ಸ್ಟುಡಿಯೊದಲ್ಲಿ ಕೂರಿಸಿ ಫೋಟೊ ಕೂಡ ತೆಗೆದಿದ್ದ. ಅಚ್ಚುಕಟ್ಟಾದ ಸೂಟು ತೊಟ್ಟ, ಶಾಂತವಾಗಿ ಕೂತ ಯುವಕ. ಫೋಟೊ ಮತ್ತು ಚಿತ್ರವನ್ನು ಪಕ್ಕಪಕ್ಕ ಇಟ್ಟು ನೋಡುವವರಿಗೆ ಒಂದು ಎಚ್ಚರಿಕೆ: ಫೋಟೊದಲ್ಲಿರುವ ಪ್ರತಿಯೊಂದಕ್ಕೂ ಚಿತ್ರದಲ್ಲಿ ಜೋಡಿ ಹುಡುಕಬೇಡಿ. ಕೂತ ರೀತಿಯ ತೂಕವನ್ನಷ್ಟೇ ಹೋಲಿಸಿ: ತಲೆ ದೇಹದ ಮೇಲೆ ಹೇಗೆ ಕೂತಿದೆ, ಮೈ ಎಷ್ಟು ಬಿಗಿಯಾಗಿದೆ. ಅದು ಎರಡರಲ್ಲೂ ಒಂದೇ.

ಈ ಚಿತ್ರದ ಬಗ್ಗೆ ಪುಸ್ತಕಗಳಲ್ಲಿ, ಭಾಷಣಗಳಲ್ಲಿ ಮತ್ತೆ ಮತ್ತೆ ಬರುವ ವಿವರಣೆಯೊಂದಿದೆ: ಮನುಷ್ಯನನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ನೋಡಿ ಎಲ್ಲವನ್ನೂ ಒಂದೇ ಚಿತ್ರದಲ್ಲಿ ಸೇರಿಸಿದ್ದಾರೆ ಎಂದು. ಕ್ಯೂಬಿಸಂನ ಬೇರೆ ಕೆಲವು ಚಿತ್ರಗಳಿಗೆ, ಮುಖ್ಯವಾಗಿ ಹಿಂದಿನ ಒಂದೆರಡು ವರ್ಷದವಕ್ಕೆ, ಇದು ಸ್ವಲ್ಪಮಟ್ಟಿಗೆ ಹೊಂದುತ್ತದೆ. ಇಲ್ಲಿಯೂ ತಲಗಳ ಕೋನ ಅಲ್ಲಲ್ಲಿ ಸರಿಯುತ್ತದೆ, ನಿಜ. ಆದರೆ ಅದೊಂದನ್ನೇ ಹಿಡಿದು ಹೊರಟರೆ ಈ ಚಿತ್ರದಲ್ಲಿ ದಾರಿ ತಪ್ಪುವುದು ಖಂಡಿತ. ಕಾನ್‌ವೈಲರ್‌ನ ಬೆನ್ನು ಇಲ್ಲಿ ಎಲ್ಲೂ ಇಲ್ಲ. ಅವನು ನಮಗೆ ಎದುರಾಗಿ ಕೂತಿದ್ದಾನೆ, ಪೂರ್ತಿ ಹೊತ್ತು ಎದುರಾಗಿಯೇ ಕೂತಿದ್ದಾನೆ. ಸುತ್ತಲೂ ನಡೆದಾಡಿದ್ದರ ಫಲವಾಗಿ ಅವನು ಒಡೆದಿಲ್ಲ. ಅಂಚುಗಳು ತೆರೆದುಕೊಂಡದ್ದರಿಂದ, ಬೆಳಕು ಬಿಡಿಬಿಡಿಯಾದದ್ದರಿಂದ ಒಡೆದಿದ್ದಾನೆ. ಈ ವ್ಯತ್ಯಾಸ ಸಣ್ಣದೆನಿಸಬಹುದು, ಆದರೆ ನೋಡುವ ಕ್ರಮವನ್ನೇ ಬದಲಿಸುತ್ತದೆ. ಹಲವು ನೋಟಗಳ ಸೂತ್ರ ಹಿಡಿದವರು ‘ಇದು ಪಕ್ಕದಿಂದ ಕಂಡ ಮೂಗು, ಇದು ಮುಂದಿನಿಂದ ಕಂಡ ಕಣ್ಣು’ ಎಂದು ತುಂಡುಗಳನ್ನು ಲೆಕ್ಕ ಹಾಕುತ್ತ ಕೂರುತ್ತಾರೆ. ತುಂಡುಗಳನ್ನು ಮತ್ತೆ ಜೋಡಿಸಿದರೆ ಪೂರ್ತಿ ಮನುಷ್ಯ ಸಿಕ್ಕಾನು ಎಂಬ ನಿರೀಕ್ಷೆ ಅದರ ಹಿಂದಿದೆ. ಹಾಗೆ ಜೋಡಿಸಲು ಬರುವ ತುಂಡುಗಳೇ ಇಲ್ಲಿ ಇಲ್ಲ.

ಸ್ವಭಾವ ಓದುವ ಚಟವೂ ಇದೆ. ವ್ಯಾಪಾರಿಯಾದ್ದರಿಂದ ಒಡೆದ ಮುಖ, ಮರೆಮಾಚುವ ವ್ಯಕ್ತಿತ್ವ ಎಂದೆಲ್ಲ. ಇದಕ್ಕೆ ಮದ್ದು, ಅದೇ ವರ್ಷ ಪಿಕಾಸೊ ಬರೆದ ಇನ್ನೆರಡು ಭಾವಚಿತ್ರಗಳನ್ನು ಜೊತೆಗಿಟ್ಟುಕೊಂಡು ನೋಡುವುದು. ಒಂದು ವಿಲ್ಹೆಲ್ಮ್ ಊಡೆಯದು, ಇನ್ನೊಂದು ಆಂಬ್ರೊಯಿಸ್ ವೊಲ್ಲಾರ್‌ನದು. ಮೂವರೂ ಕಲೆಯ ವ್ಯಾಪಾರದಲ್ಲಿದ್ದವರು. ಊಡೆಯ ಚಿತ್ರ ಮೂರರಲ್ಲಿ ಸುಲಭದ್ದು: ಎತ್ತರದ ಬಿಗಿ ಕಾಲರ್, ಹಿಂಡಿದಂತಿರುವ ಪುಟ್ಟ ಬಾಯಿ, ಸಣ್ಣ ಕಣ್ಣು ಎಲ್ಲವೂ ಸಿಗುತ್ತವೆ. ಇಂಗ್ಲೆಂಡಿನ ಕಲಾವಿದ ರೋಲ್ಯಾಂಡ್ ಪೆನ್‌ರೋಸ್ ಎಷ್ಟೋ ವರ್ಷಗಳ ನಂತರ, ಊಡೆಯನ್ನು ಮೊದಲು ನೋಡಿರದಿದ್ದರೂ, ಜನ ತುಂಬಿದ ಕೆಫೆಯಲ್ಲಿ ಈ ಚಿತ್ರದ ನೆನಪಿನಿಂದಲೇ ಅವನನ್ನು ಗುರುತು ಹಿಡಿದ ಪ್ರಸಂಗವಿದೆ. ವೊಲ್ಲಾರ್‌ನ ಚಿತ್ರದಲ್ಲಿ, ಅದು ಈಗ ಮಾಸ್ಕೊದ ಪುಷ್ಕಿನ್ ಸಂಗ್ರಹಾಲಯದಲ್ಲಿದೆ, ದೇಹ ಪೂರ್ತಿ ಒಡೆದಿದೆ, ಆದರೆ ತಲೆ ಬೆಚ್ಚನೆಯ ಚರ್ಮದ ಬಣ್ಣದಲ್ಲಿ ದೀಪ ಹಚ್ಚಿಟ್ಟಂತೆ ಎದ್ದು ನಿಂತಿದೆ: ಬೋಳು ಹಣೆ, ಕೆಳಗೆ ಬಾಗಿದ ಕಣ್ಣುರೆಪ್ಪೆ, ಗಡ್ಡ. ಕಾನ್‌ವೈಲರ್‌ಗೆ ಬರುವ ಹೊತ್ತಿಗೆ ಆ ಸೌಲಭ್ಯವನ್ನೂ ಪಿಕಾಸೊ ತೆಗೆದುಬಿಟ್ಟಿದ್ದಾನೆ. ಇದೇ ಕ್ರಮದಲ್ಲಿ ನೋಡಿದರೆ ಒಡೆತ ಹಂತಹಂತವಾಗಿ ಮುಂದುವರಿದದ್ದು ಕಾಣುತ್ತದೆ. ಅದು ಯಾರ ಸ್ವಭಾವದ ಮೇಲೂ ಕೊಟ್ಟ ತೀರ್ಪಲ್ಲ, ಚಿತ್ರಕಾರನ ಕೆಲಸ ಆ ತಿಂಗಳು ಎಲ್ಲಿಗೆ ಬಂದಿತ್ತು ಎಂಬುದರ ದಾಖಲೆ. ಹೊಸದಾಗಿ ನೋಡುವವರು ಊಡೆಯಿಂದ ಶುರು ಮಾಡಿ ಕಾನ್‌ವೈಲರ್‌ಗೆ ಬರುವುದು ಒಳ್ಳೆಯದು.

ಇನ್ನೊಂದು ವಿಶೇಷವಿದೆ, ಬೇರೆ ಭಾವಚಿತ್ರಗಳಿಗೆ ಸಿಗದ ಭಾಗ್ಯ. ಚಿತ್ರದಲ್ಲಿ ಕೂತವನೇ ಮುಂದೆ ಇಂಥ ಚಿತ್ರಗಳನ್ನು ಓದುವ ಬಗೆಯನ್ನು ಬರೆದ. ಮೊದಲ ಮಹಾಯುದ್ಧ ಶುರುವಾದಾಗ ಕಾನ್‌ವೈಲರ್ ಜರ್ಮನ್ ಪ್ರಜೆ. ಫ್ರಾನ್ಸಿಗೆ ಮರಳಲಾಗದೆ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಉಳಿದುಕೊಂಡ. ಅಲ್ಲಿ ತತ್ತ್ವಶಾಸ್ತ್ರ ಓದುತ್ತ ಬರೆದ ಕ್ಯೂಬಿಸಂ ಕುರಿತ ಪುಸ್ತಕ 1920ರಲ್ಲಿ ಮ್ಯೂನಿಕ್‌ನಲ್ಲಿ ಪ್ರಕಟವಾಯಿತು. ಅವನ ವಾದದ ತಿರುಳು ಹೀಗಿದೆ: ಚಿತ್ರಕಾರ ನಿಜವಾದ ವಿವರಗಳನ್ನು ಅಲ್ಲಲ್ಲಿ ಇಡುತ್ತಾನೆ, ಅವು ನೋಡುವವರ ನೆನಪನ್ನು ಕೆರಳಿಸುತ್ತವೆ, ನೆನಪಿನಿಂದ ಬಂದ ಬಿಂಬಗಳು ಮತ್ತು ಕ್ಯಾನ್ವಾಸಿನ ಆಕಾರಗಳು ನೋಡುವವರ ಮನಸ್ಸಿನಲ್ಲಿ ಸೇರಿ ವಸ್ತು ಪೂರ್ಣವಾಗುತ್ತದೆ. ಪೂರ್ಣವಾಗುವುದು ಕ್ಯಾನ್ವಾಸಿನ ಮೇಲೆ ಅಲ್ಲ. ಅವನದೇ ಚಿತ್ರದ ಸರಪಳಿಯನ್ನು ನೋಡಿ ನಾವು ವೇಸ್ಟ್‌ಕೋಟನ್ನು ತುಂಬಿಕೊಂಡದ್ದು ಹೀಗೇ. ಈ ವಾದವನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಅದು ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿದೆ. ಎಲ್ಲ ಚಿತ್ರಗಳೂ ಕೊನೆಗೆ ಸರಿಯಾಗಿ ‘ಕೂಡಿಬರುತ್ತವೆ’ ಎಂಬ ಭರವಸೆ ಅದರಲ್ಲಿದೆ. ಈ ಭಾವಚಿತ್ರ ಹಾಗೆ ಪೂರ್ತಿ ಕೂಡಿಬರುವುದಿಲ್ಲ. ಕೈ, ಸರಪಳಿ, ಟೈ ಗಂಟಿನವರೆಗೆ ಬಂದು ಮುಖದ ಹತ್ತಿರ ಮತ್ತೆ ಬಿಚ್ಚಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ಬಿಚ್ಚಿಕೊಳ್ಳುತ್ತದೆ. ಕಾನ್‌ವೈಲರ್‌ನ ಸಿದ್ಧಾಂತಕ್ಕಿಂತ ಅವನ ಚಿತ್ರ ದೊಡ್ಡದು.

ಯುದ್ಧದ ಕಾಲದಲ್ಲಿ ಫ್ರೆಂಚ್ ಸರ್ಕಾರ ಅವನ ಗ್ಯಾಲರಿಯ ದಾಸ್ತಾನನ್ನೆಲ್ಲ ಶತ್ರು ಆಸ್ತಿ ಎಂದು ವಶಪಡಿಸಿಕೊಂಡಿತು. 1921ರಿಂದ 1923ರವರೆಗೆ ಪ್ಯಾರಿಸ್ಸಿನ ಹೋಟೆಲ್ ದ್ರೂಓ ಹರಾಜು ಕಟ್ಟೆಯಲ್ಲಿ ನಾಲ್ಕು ಸಲ ಹರಾಜು ನಡೆಯಿತು. ಈ ಭಾವಚಿತ್ರವೂ ಹಾಗೆ ಹರಾಜಾದವುಗಳಲ್ಲಿ ಒಂದು. ಸುಮಾರು ಮೂವತ್ತು ಸಲ ಕೂತು ಬರೆಸಿದ ತನ್ನದೇ ಚಿತ್ರವನ್ನು ಅವನು ಉಳಿಸಿಕೊಳ್ಳಲಾಗಲಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರು ಚಿಕಾಗೊದಲ್ಲಿ ಚಿತ್ರವನ್ನೇ ನೋಡಬಹುದು. ಪ್ರದರ್ಶನಕ್ಕಿದೆಯೇ ಎಂದು ಸಂಗ್ರಹಾಲಯದ ಜಾಲತಾಣದಲ್ಲಿ ಮೊದಲು ನೋಡಿಕೊಂಡು ಹೋಗಬೇಕು. ಇಲ್ಲಿಂದ ನೋಡುವವರಿಗೆ ಪರದೆಯೇ ಗತಿ. ಪರದೆಯಲ್ಲಿ ಎರಡು ಮೋಸಗಳಾಗುತ್ತವೆ. ಕೆಲವು ಪ್ರತಿಗಳಲ್ಲಿ ಕಪ್ಪು-ಬಿಳುಪಿನ ಅಂತರವನ್ನು ಹೆಚ್ಚಿಸಿರುತ್ತಾರೆ. ಆಗ ಮಸುಕು ಅಂಚುಗಳೆಲ್ಲ ಚೂಪಾಗಿ, ಪಾಸಾಜ್ ಮಾಯವಾಗುತ್ತದೆ. ಇನ್ನು ಕೆಲವದರಲ್ಲಿ ಅಂಚನ್ನು ಕತ್ತರಿಸಿರುತ್ತಾರೆ; ಕೈಗಳು ಕೆಳ ಅಂಚಿಗೆ ಹತ್ತಿರ ಇರುವುದರಿಂದ ಸ್ವಲ್ಪ ಕತ್ತರಿಸಿದರೂ ಬುಡವೇ ಹೋಗುತ್ತದೆ. ಎತ್ತರವನ್ನು ಅಗಲದಿಂದ ಭಾಗಿಸಿದರೆ 1.37ರ ಆಸುಪಾಸು ಬರಬೇಕು; ಬರದಿದ್ದರೆ ಆ ಪ್ರತಿಯನ್ನು ಬಿಟ್ಟುಬಿಡಿ. ಮೂಲದಲ್ಲಿ ಮೇಲ್ಮೈ ಎಲ್ಲೆಡೆ ಒಂದೇ ಹೊಳಪಿನದಲ್ಲ ಎಂಬುದೂ ನೆನಪಿರಲಿ. ಕ್ಯೂಬಿಸಂನ ಚಿತ್ರಗಳಿಗೆ ವಾರ್ನಿಶ್ ಹೊಡೆಯುವುದು ಪಿಕಾಸೊ, ಬ್ರಾಕ್ ಇಬ್ಬರಿಗೂ ಬೇಡವಾಗಿತ್ತು: ವಾರ್ನಿಶ್ ಬಿದ್ದರೆ ಮಂಕು ಭಾಗ, ಹೊಳಪು ಭಾಗ ಎಂಬ ಭೇದ ಅಳಿದು ಎಲ್ಲವೂ ಒಂದೇ ಗಾಜಿನ ಹಿಂದೆ ಹೋಗುತ್ತದೆ, ಕಂದು ಬಣ್ಣ ಕಪ್ಪಾಗುತ್ತದೆ.

ಒಳ್ಳೆಯ ಪ್ರತಿ ಸಿಕ್ಕರೆ ಎ4 ಹಾಳೆಯಲ್ಲಿ ಮುದ್ರಿಸಿಕೊಳ್ಳಿ. 20 ಸೆಂಟಿಮೀಟರ್ ಅಗಲಕ್ಕೆ ಇಟ್ಟರೆ ಎತ್ತರ ಸುಮಾರು 27.5 ಬರುತ್ತದೆ, ಹಾಳೆಗೆ ಸರಿಯಾಗಿ ಕೂರುತ್ತದೆ. ಮೇಲೆ ಬಟರ್ ಪೇಪರ್ ಇಟ್ಟು ನಾಲ್ಕು ಮೂಲೆಗೆ ಟೇಪ್ ಹಾಕಿ. ಎಚ್‌ಬಿ ಪೆನ್ಸಿಲ್‌ನಿಂದ ಚೂಪಾದ ಅಂಚುಗಳನ್ನು ಮಾತ್ರ ಎಳೆಯಿರಿ, ಗೆರೆ ಮಸುಕಾದ ಕಡೆ ಪೆನ್ಸಿಲ್ ಎತ್ತಿಬಿಡಿ. ಇಲ್ಲಿ ಎಲ್ಲರ ಕೈಯೂ ಒಂದೇ ಥರ ತಪ್ಪುತ್ತದೆ: ಮೂರು ಬದಿ ಎಳೆದ ಮೇಲೆ ನಾಲ್ಕನೆಯದನ್ನು ಕೈ ತಾನಾಗಿ ಮುಚ್ಚಿಬಿಡುತ್ತದೆ. ಹಾಗೆ ಮುಚ್ಚುತ್ತ ಹೋದರೆ ಕೊನೆಗೆ ಹಾಳೆಯ ಮೇಲೆ ಡಬ್ಬಿಗಳ ಗುಡ್ಡೆ ಇರುತ್ತದೆ, ಮನುಷ್ಯ ಇರುವುದಿಲ್ಲ. ಆಗ ರಬ್ಬರ್ ತೆಗೆದುಕೊಂಡು ಮೂಲದಲ್ಲಿ ಎಲ್ಲೆಲ್ಲಿ ತೆರೆದಿದೆಯೋ ಅಲ್ಲಿ ಅಳಿಸಿ. ಭುಜ ಮತ್ತು ಎದೆ ನಿಧಾನವಾಗಿ ಮರಳಿ ಬರುತ್ತವೆ. ಎರಡನೆಯ ಬಟರ್ ಪೇಪರ್ ಮೇಲೆ ಗೆರೆಯೇ ಬೇಡ. 4ಬಿ ಪೆನ್ಸಿಲ್ ಮಗ್ಗುಲಾಗಿ ಹಿಡಿದು ಮೂರೇ ಛಾಯೆ ತುಂಬಿ: ಬಿಳಿ ಹಾಗೇ ಬಿಡಿ, ಬೂದು ಹಗುರ, ಕಪ್ಪು ಗಾಢ. ಈ ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿ ಗಾಜಿಗೆ ಹಿಡಿದರೆ ಗೆರೆ ಮತ್ತು ಛಾಯೆ ಎಷ್ಟೋ ಕಡೆ ಒಂದಕ್ಕೊಂದು ಹೊಂದುವುದಿಲ್ಲ; ಗೆರೆ ಒಂದು ಕಡೆ ನಿಂತರೆ ಛಾಯೆ ಅದನ್ನು ದಾಟಿ ಮುಂದೆ ಹೋಗಿರುತ್ತದೆ. ಮುಖದ ಭಾಗದಲ್ಲಿ ಈ ಬೇಧ ಎಷ್ಟಿದೆ, ಕೈಯ ಭಾಗದಲ್ಲಿ ಎಷ್ಟಿದೆ ಎಂದು ಹೋಲಿಸಿ ನೋಡಿ.

ಇದಾದ ಮೇಲೆ ನೋಡಬೇಕಾದ ಚಿತ್ರ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿರುವ ‘ಮಾ ಜೋಲಿ’ (ನನ್ನ ಚೆಲುವೆ), ಪಿಕಾಸೊ 1911-12ರ ಚಳಿಗಾಲದಲ್ಲಿ ಬರೆದದ್ದು. ತಂತಿವಾದ್ಯ ಹಿಡಿದ ಹೆಂಗಸಿನ ಚಿತ್ರ, ಎತ್ತರ ಇಷ್ಟೇ, ಒಂದು ಮೀಟರ್. ಅಲ್ಲಿ ಕೂದಲಿನ ಅಲೆಯಾಗಲಿ ಟೈ ಗಂಟಾಗಲಿ ಸಿಗುವುದಿಲ್ಲ. ಬದಲಿಗೆ ಕೆಳಭಾಗದಲ್ಲಿ ದಪ್ಪ ಅಕ್ಷರಗಳಲ್ಲಿ ಆ ಹೆಸರನ್ನೇ ಬರೆದಿದೆ, ಪಕ್ಕದಲ್ಲಿ ಸಂಗೀತದ ಸ್ವರಲಿಪಿಯ ಚಿಹ್ನೆ. ಅದು ಆ ಕಾಲದ ಜನಪ್ರಿಯ ಹಾಡೊಂದರ ಪಲ್ಲವಿಯ ಮಾತು, ಪಿಕಾಸೊ ತನ್ನ ಪ್ರೇಯಸಿಯನ್ನು ಕರೆಯುತ್ತಿದ್ದ ಹೆಸರೂ ಹೌದು. ಕಾನ್‌ವೈಲರ್‌ನಲ್ಲಿ ಗೂಟಗಳಾಗಿದ್ದ ಮೈಯ ಗುರುತುಗಳ ಜಾಗಕ್ಕೆ ಒಂದು ವರ್ಷ ಚಿಲ್ಲರೆಯಲ್ಲಿ ಅಕ್ಷರಗಳು ಬಂದು ಕೂತಿವೆ.